ಹೋತ ಅರಗಿಸಿಕೊಂಡ ಪುಸ್ತಕ

ನಂಬೋದಿಲ್ವಾ? ಹೋಗಿ ನಮ್ಮೂರ ಹೋತದ ಗಡ್ಡ ಹಿಡಿದೇ ಕೇಳಿ! ಕಂಪನಿ ಕಟ್ಟಿ ಮೆರೆಯುತ್ತಿದ್ದ ನವಿಲು, ತನ್ನ ಪುಸ್ತಕದ ಕಪಾಟಿನ ಮುಂದೆ ಗರಿ ಬಿಚ್ಚಿ ನಿಂತು, "ನನ್ನನ್ನು ಬೆಳೆಸಿದ್ದೇ ಈ ಪುಸ್ತಕ. ಇದನ್ನು ಓದಿ ಅರಗಿಸಿಕೊಂಡವರಿಗೇ ಮ್ಯಾನೇಜರ್ ಕೆಲಸ" ಎಂದು ಸಾರಿತು. ಹೋತ ಆ ಪುಸ್ತಕವನ್ನೇ ಕೇಳಿ ಪಡೆದು ಒಯ್ದು, ಮರುದಿನ ಕಂಪನಿಯ ತುಂಬಿದ ಸಭೆಗೆ ಎದೆಯುಬ್ಬಿಸಿಕೊಂಡು ಬಂತು.

"ಒಂದಕ್ಷರ ಬಿಡದೆ ಮುಗಿಸಿದೆ, ಧಣಿ! ರಟ್ಟು ಕೂಡ ಅರಗಿತು."

"ತಿಂದುಬಿಟ್ಟೆಯೇನೋ, ದಡ್ಡ!" ನವಿಲು ಕಿರುಚಿತು. ಸಭೆಯೆಲ್ಲ ಬಿದ್ದುಬಿದ್ದು ನಕ್ಕಿತು.

ಹೋತ ಜಗ್ಗಲಿಲ್ಲ. "ನಗ್ರಪ್ಪಾ, ನಗ್ರಿ. ಅಂಗಡಿಯವನು ಸುತ್ತಿದ್ದ ಪ್ಲಾಸ್ಟಿಕ್ಕು ಹಾಗೇ ಇತ್ತು. ಅದನ್ನು ಬಿಚ್ಚಿದವನಂತೂ ನಾನೇ ಮೊದಲು!"

ಸಭೆ ನವಿಲಿನತ್ತ ತಿರುಗಿತು. ನವಿಲು ಗರಿ ಮಡಚಿ, "ಅಣ್ಣಾ, ಬಾಯಿ ಮುಚ್ಚೋ" ಎಂದು ಗೋಗರೆಯಿತು.

ಕೆಲಸ ಸಿಗಲಿಲ್ಲ. ಬಾಯಿ ಮುಚ್ಚಿದ್ದಕ್ಕೆ ಹೋತಕ್ಕೆ ಒಂದು ಹೊರೆ ಹಲಸಿನ ಸೊಪ್ಪು ಸಿಕ್ಕಿತು.