ಗುಡದಪ್ಪ ತಂದ ಗ್ರಾಫಿಕ್ಸ್ ಕಾರ್ಡು

ಕೇಳ್ರಪಾ ಕೇಳ್ರಿ, ನಗು ಬಂದ್ರ ತಡಕೋಬ್ಯಾಡ್ರಿ. ರಾಣೆಬೆನ್ನೂರಾಗ ಮಾಳವ್ವ ಅಂತ ಒಬ್ಬಾಕಿ. ಗಂಡ ತೀರಿಕೊಂಡ ಮ್ಯಾಲೆ ಅವನ ಫೋಟೋ ಸ್ಟುಡಿಯೋ ಆಕಿನ ನಡಸ್ತಿದ್ಲು. ಆಕಿಗೆ ಒಬ್ಬನೇ ಮಗ, ಗುಡದಪ್ಪ. ವಯಸ್ಸು ಇಪ್ಪತ್ತೆರಡು, ಬುದ್ಧಿ ಇನ್ನೂ ಹಾದ್ಯಾಗ ಐತಿ. ಹೇಳಿದ್ದು ಮಾಡ್ತಾನ, ಹೇಳಿದಷ್ಟ ಮಾಡ್ತಾನ. "ದೇವರೇ, ಇವನ್ನ ಕೊಡುವಾಗ ಎತ್ತಾಗ ನೋಡ್ತಿದ್ದಿ?" ಅಂತ ಮಾಳವ್ವ ದಿನಾ ಹಣಿ ಬಡಕೊಳ್ಳಾಕಿ.

ಆ ಸಲ ನಾಗವೇಣಿ ಅನ್ನೋ ಹುಡುಗಿ ಮದುವಿ ವಿಡಿಯೋ ಕೆಲಸ ಇತ್ತು. ಮದುವ್ಯಾಗ ಸೋಬಾನ ಹಾಡಿದ ಅವಳ ಅಜ್ಜಿ ಎಂಟ ದಿನಕ್ಕ ತೀರಿಕೊಂಡಿದ್ಲು. "ಶುಕ್ರವಾರ ಗಂಡನ ಮನಿಗೆ ಹೊಂಟೀನಿ ಚಿಗವ್ವ, ಅಜ್ಜಿ ಹಾಡು ಕೈಯಾಗ ಕೊಟ್ಟು ಕಳಸು," ಅಂತ ಹುಡುಗಿ ಅತ್ತಿದ್ಲು. ಮಾಳವ್ವ ಮಾತು ಕೊಟ್ಟಿದ್ಲು. ಆದ್ರ ಹಳೇ ಕಂಪ್ಯೂಟರ್ ವಿಡಿಯೋ ಹಚ್ಚಿದ ಕೂಡ್ಲೆ ಬಂದ್ ಬೀಳತಿತ್ತು. ವಿಡಿಯೋ ಓಡಸಾಕ ಗ್ರಾಫಿಕ್ಸ್ ಕಾರ್ಡು ಬೇಕು, ಕಂಪ್ಯೂಟರ್ ನಡಸೋ ಆಪರೇಟಿಂಗ್ ಸಿಸ್ಟಮ್ಮೂ ಹೊಸಾದು ಬೇಕು. ಕೈಯಾಗ ಇದ್ದದ್ದು ಐದ ಸಾವಿರ.

"ಮಗನ, ಖಾದರಸಾಬನ ಕಂಪ್ಯೂಟರ್ ಅಂಗಡಿಗೆ ಹೋಗು. ಇಷ್ಟ ರೊಕ್ಕಕ್ಕ ಯಾವ ಕಾರ್ಡು ಹೆಚ್ಚಿಗಿ ಬರತೈತಿ ನೋಡಿ ತಗೊಂಡು ಬಾ!"

ಹೋದ. ಒಂದೊಂದ ಕಾರ್ಡು ಕೈಯಾಗ ಎತ್ತಿ ತೂಗಿ ನೋಡಿದ. ಎಲ್ಲಾಕಿಂತ ಭಾರಾದ್ದು ತಂದ. ಮೊಳದುದ್ದದ್ದು! ಕಂಪ್ಯೂಟರ್ ಡಬ್ಬಿ ಒಳಗ ಹಿಡೀಲೇ ಇಲ್ಲ.

"ಅಯ್ಯ ಖೋಡಿ! ತರೂಕಿಂತ ಮೊದಲ ದಾರ ಹಿಡದು ಅಳತಿ ನೋಡಬೇಕು!"

"ಆತವ್ವ, ಅಳತಿ ನೋಡ್ತೀನಿ."

ಮರುದಿನ ದಾರ ತಗೊಂಡು ಹೋದ. ಅಳದು ಬದಲಿ ಕಾರ್ಡು ಇಸಗೊಂಡ. ಖಾದರಸಾಬ ಒಳ್ಳೇ ಮನಸ್ಸಿನವ. "ಸಿಸ್ಟಮ್ಮಿಗೆ ರೊಕ್ಕ ಯಾಕ ಹಾಕ್ತೀರಿ? ಪುಕ್ಕಟೆ ಸಿಗೋದು ಈ ಪೆನ್‌ಡ್ರೈವ್‌ನಾಗ ಐತಿ. ಒಯ್ದು ಹಾಕ್ಕೊಂಡು ತಿರುಗಿ ಕೊಡ್ರಿ," ಅಂದ. ಗುಡದಪ್ಪ ಪೆನ್‌ಡ್ರೈವಿಗೂ ದಾರ ಹಿಡದ. "ಬ್ಯಾಡ ಕಾಕಾ, ಗಿಡ್ಡ ಐತಿ!" ಅಂತ ಬಿಟ್ಟು ಬಂದ. ಕಾರ್ಡೇನೋ ಡಬ್ಬ್ಯಾಗ ಸರಿಯಾಗಿ ಕೂತಿತು.

"ಅಯ್ಯ ಖೋಡಿ! ಪುಕ್ಕಟೆ ಕೊಟ್ಟದ್ದನ್ನ ಅಳೀತಾರೇನೋ? ಎರಡೂ ಕೈಲೆ ಇಸಗೊಂಡು ಸೀದಾ ಮನಿಗೆ ತರಬೇಕು!"

"ಆತವ್ವ, ಸೀದಾ ಮನಿಗೆ ತರ್ತೀನಿ."

ಮತ್ತ ಹೋದ. ಖಾದರಸಾಬ ಪೆನ್‌ಡ್ರೈವ್ ಕೊಟ್ಟ, ಇಸಗೊಂಡು ಕಿಸೆದಾಗ ಇಟ್ಟ. "ಚಾ ಕುಡಿ ತಮ್ಮಾ," ಅಂತ ಚಾ ಕೊಟ್ಟ. ಅದನ್ನೂ ಎರಡೂ ಕೈಲೆ ಹಿಡಕೊಂಡು, ಪೇಟಿ ದಾಟಿ, ತುಳುಕಸ್ಕೊಂತ ಮನಿಗೆ ತಂದ!

"ಅಯ್ಯ ಖೋಡಿ! ಚಾ ಅಲ್ಲೇ ಕುಡೀಬೇಕು! ಇನ್ನ ಆ ಗ್ಲಾಸು ಖಾಲಿ ಕೊಟ್ಟು ಬರಬ್ಯಾಡ ಮತ್ತ! ಮಂದಿ ಕಡೆಯಿಂದ ಇಸಗೊಂಡದ್ದು ಖಾಲಿ ತಿರುಗಿ ಕೊಡಬಾರದು, ಏನರ ತುಂಬಿ ಕೊಡಬೇಕು!"

"ಆತವ್ವ, ತುಂಬಿ ಕೊಡ್ತೀನಿ."

ಹೊಸಾ ಸಿಸ್ಟಮ್ಮು ಹಾಕ್ಕೊಂಡು ಕೂತ ಮ್ಯಾಲೆ ಗುರುವಾರ ಸಂಜಿಗೆ ವಿಡಿಯೋ ತಯಾರಾತು. ಅಜ್ಜಿ ಹಾಡು ಕೇಳಿ ಮಾಳವ್ವನ ಕಣ್ಣಾಗೂ ನೀರು ಬಂತು. ಗ್ಲಾಸು, ಪೆನ್‌ಡ್ರೈವ್ ಎರಡೂ ಕೊಟ್ಟು ಬಾ ಅಂತ ಮಗನಿಗೆ ಹೇಳಿ ರೊಟ್ಟಿ ಬಡಿಯಾಕ ಕೂತಳು. ಗುಡದಪ್ಪ ಗ್ಲಾಸಿನ ತುಂಬ ಸಕ್ಕರಿ ಹಾಕಿದ. ಪೆನ್‌ಡ್ರೈವ್ ಹಿಡಕೊಂಡು ಕಂಪ್ಯೂಟರ್ ಮುಂದ ಸ್ವಲ್ಪ ಹೊತ್ತು ಕೂತ. ಆಮ್ಯಾಲೆ ಹೋಗಿ ಎರಡೂ ಕೊಟ್ಟು ಬಂದ.

ಶುಕ್ರವಾರ ಮುಂಜಾನೆ ಕಂಪ್ಯೂಟರ್ ಹಚ್ಚಿದ್ರ ವಿಡಿಯೋ ಇದ್ದ ಹಳೇ ಹಾರ್ಡ್ ಡಿಸ್ಕ್ ಟಕ್ ಟಕ್ ಅಂತು, ಸತ್ತ ಹೋತು. ಕ್ಯಾಮೆರಾದಾಗಿಂದು ಅಳಿಸಿ ಬ್ಯಾರೆ ಮದುವಿ ತಗದಾಗಿತ್ತು. ಮಾಳವ್ವ ಹಣಿ ಬಡಕೊಂಡ್ಲು. "ಆ ಹುಡುಗಿಗೆ ಯಾವ ಮುಖ ತೋರಸ್ಲಿ? ಅಜ್ಜಿ ಎರಡನೇ ಸಲ ಸತ್ತಂಗಾತಲ್ಲೋ!"

ಅಷ್ಟರಾಗ ಖಾದರಸಾಬ ಬಂದ. "ಅಕ್ಕಾರ, ನನ್ನ ಪೆನ್‌ಡ್ರೈವ್‌ನಾಗ ಯಾರದೋ ಮದುವಿ ಐತಲ್ರಿ! ಒಬ್ಬ ಅಜ್ಜಿ ಸೋಬಾನ ಹಾಡಾಕತ್ತಾಳ!"

"ಖಾಲಿ ಕೊಡಬಾರದು ಅಂತ ನೀನ ಅಂದಿದ್ದಿ ಅಲ್ಲವ್ವ," ಅಂದ ಗುಡದಪ್ಪ, ಬೈಗಳ ತಿನ್ನಾಕ ತಯಾರಾಗಿ.

ಬೈಗಳ ಎಲ್ಲಿದು! ಮಾಳವ್ವ ಮಗನ್ನ ತಬ್ಬಿಕೊಂಡು ಅತ್ತಳು. ಖಾದರಸಾಬಗ ಕೈ ಮುಗದಳು. ನಾಗವೇಣಿ ಬಂದು ಹಾಡು ಕೇಳಿ, "ಅಣ್ಣಾ, ನಿನ್ನ ಉಪಕಾರ ಸಾಯೋತನ ಮರೆಯಂಗಿಲ್ಲ," ಅಂತ ಕಣ್ಣೊರಸ್ಕೊಂಡು ಗಂಡನ ಮನಿಗೆ ಹೋದ್ಲು.

"ದೇವರೇ, ಇವನ್ನ ಕೊಡುವಾಗ ನನ್ನ ಕಡೆನ ನೋಡ್ತಿದ್ದಿ ಬಿಡು," ಅಂದ್ಲು ಮಾಳವ್ವ. ಅಷ್ಟಕ್ಕ ಸುಮ್ಮನಿರಬಾರದ? ಮಗನ ತಲಿ ಸವರಿ ಇನ್ನೊಂದು ಬುದ್ಧಿ ಹೇಳಿದ್ಲು: "ಇನ್ನ ಮ್ಯಾಲೆ ಬೇಕಾದ್ದು ಯಾವುದನ್ನೂ ಒಂದ ಕಡೆ ಇಡಬ್ಯಾಡ ಮಗನ. ಒಂದು ಇಲ್ಲಿ ಇಡು, ಒಂದು ಖಾದರಣ್ಣನ ಅಂಗಡ್ಯಾಗ ಇಡು!"

"ಆತವ್ವ, ಹಂಗ ಇಡ್ತೀನಿ."

ಮರುದಿನ ಮಾಳವ್ವ ಸಂತಿಗೆ ಹೊಂಟಳು. ಬಾಗಲದಾಗ ಒಂದ ಚಪ್ಪಲಿ ಐತಿ.

"ಗುಡದಪ್ಪಾ, ಇನ್ನೊಂದೆಲ್ಲೋ?"

"ಖಾದರ ಕಾಕಾನ ಅಂಗಡ್ಯಾಗ ಐತವ್ವ, ಜ್ವಾಕಿ ಇಟ್ಟು ಬಂದೀನಿ!"