ರಾಜಕುಮಾರಿಯ ಹಾಸಿಗೆ ಒಣಗಿದ ಕಥೆ

ಹಾಸಿಗೆಯಲ್ಲಿ ಉಚ್ಚೆ ಮಾಡಿಕೊಳ್ಳುವ ದೋಷ ಮಗುವಿಗೆ ತಾಯಿಯ ಕಡೆಯಿಂದ ಬರುತ್ತದೆ ಎಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದರು. ಮಣಿಮಂತಪುರದ ಅರಸ ಭದ್ರಕೇತು ನಂಬಿದ್ದ, ಅವನ ಮಂತ್ರಿ ನಂಬಿದ್ದ, ಅರಮನೆಯ ಬಟ್ಟೆ ಒಗೆಯುವ ಮಡಿವಾಳನೂ ನಂಬಿದ್ದ. ರಾಣಿ ಕುಮುದಿನಿಯ ತವರು ಹೊಳೆಯ ದಂಡೆಯ ಮೇಲಿತ್ತು. ಅವರಿಗೆ ಅಷ್ಟು ಸಾಕ್ಷ್ಯ ಸಾಕಾಯಿತು.

ದೀಪದ ಸುತ್ತ ಕೂತವರು ಕೈಯಲ್ಲಿ ಅಕ್ಷತೆ ಹಿಡಿದು ಕೇಳಿರಿ. ಮಕ್ಕಳ ತಂದೆಯರನ್ನೂ ಕೂರಿಸಿರಿ. ನಡುವೆ ಎದ್ದು ಹೋಗುವವರು ಅವರೇ.

ಆ ಅರಸನಿಗೂ ರಾಣಿಗೂ ಬಹುಕಾಲದ ಮೇಲೆ ಒಬ್ಬಳೇ ಮಗಳು ಹುಟ್ಟಿ, ಹೇಮಲೇಖೆ ಎಂದು ಹೆಸರು ಪಡೆದು, ತೊಟ್ಟಿಲು ದಾಟಿ, ಮಾತು ಕಲಿತು, ಹಾಲುಹಲ್ಲು ಬೀಳುವ ವಯಸ್ಸಿಗೆ ಬಂದರೂ ಹಾಸಿಗೆ ಒದ್ದೆ ಮಾಡಿಕೊಳ್ಳುವುದು ನಿಂತಿರಲಿಲ್ಲ. ಬೆಳಗಾದರೆ ದಾಸಿಯರು ಆ ಹಾಸಿಗೆಯನ್ನು ತಂದು ಅರಮನೆಯ ಮುಂದಿನ ಕಟ್ಟೆಯ ಮೇಲೆ ಹರವುತ್ತಿದ್ದರು. ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ ಎಂಬುದು ಅವರ ಸಮಜಾಯಿಷಿ. ಸಭೆಗೆ ಬಂದವರೆಲ್ಲ ಅದನ್ನು ನೋಡಿ, ಮೂಗಿಗೆ ಉತ್ತರೀಯ ಹಿಡಿದು, ಒಳಗೆ ಹೋಗಿ ಕೂತು, ಹೊಳೆಯ ವಿಚಾರ ಮಾತಾಡುತ್ತಿದ್ದರು.

ಹೀಗಿರಲು ಅರಸನಿಗೆ ಅವಮಾನವಾಗಿ, ಅವನು ರಾಣಿಯನ್ನು ಕರೆದು, ಬರುವ ಗೌರಿಹಬ್ಬದೊಳಗೆ ಇದು ನಿಲ್ಲದಿದ್ದರೆ ಮಗುವನ್ನು ಅದರ ತಾತನ ಮನೆಗೆ ಕಳಿಸಿಬಿಡುವುದಾಗಿಯೂ, ರಾಣಿ ಮಾತ್ರ ಇಲ್ಲೇ ಇರತಕ್ಕದ್ದೆಂದೂ ಹೇಳಿದ. ನಮ್ಮ ವಂಶದಲ್ಲಿ ಇಂಥದ್ದಿಲ್ಲ ಎಂದೂ ಸೇರಿಸಿದ. ಮಗು ಕಂಬದ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿತು.

ರಾಣಿ ಭಯಪಟ್ಟು ಪುರೋಹಿತನನ್ನು ಕರೆಸಿದಳು. ಅವನು ಪಂಚಾಂಗ ಬಿಡಿಸಿ, ಮತ್ತೆ ಮಡಿಸಿ, ಒಂದು ವ್ರತ ಹೇಳಿದ. ದಿನವೂ ದೀಪ ಹಚ್ಚುವ ಹೊತ್ತಿಗೆ ಕಲಶವಿಟ್ಟು, ಅದರ ತುಂಬ ಬೆಲ್ಲದ ಪಾನಕ ಮಾಡಿ, ಏಲಕ್ಕಿ ಹಾಕಿ, ವರುಣನನ್ನು ಪೂಜಿಸಿ, ಆ ಪಾನಕವನ್ನಷ್ಟೂ ಮಗುವೇ ಕುಡಿಯತಕ್ಕದ್ದು. ಒಂದು ತೊಟ್ಟು ಉಳಿದರೂ ವ್ರತಭಂಗ. ಕುಡಿದ ಮೇಲೆ ಕಾಲು ನೆಲಕ್ಕೆ ತಾಕದಂತೆ ಎತ್ತಿಕೊಂಡು ಹೋಗಿ ನೇರವಾಗಿ ಹಾಸಿಗೆಯಲ್ಲಿ ಮಲಗಿಸತಕ್ಕದ್ದು.

ರಾಣಿ ಹಾಗೆಯೇ ಮಾಡಿದಳು. ಮಗು ಕಲಶ ಬರಿದು ಮಾಡಿ, ದಾಸಿಯ ಹೆಗಲೇರಿ ಹೋಗಿ ಮಲಗಿತು. ಬೆಳಗ್ಗೆ ಹಾಸಿಗೆಯ ಜೊತೆಗೆ ಕೆಳಗಿನ ಜಮಖಾನವೂ ನೆನೆದಿತ್ತು. ಪುರೋಹಿತ ಬಂದು ನೋಡಿ, ಭಕ್ತಿ ಸಾಲದು, ಕಲಶ ದೊಡ್ಡದಾಗಬೇಕು ಎಂದ. ಕಂಚುಗಾರ ದೊಡ್ಡ ಕಲಶ ಮಾಡಿಕೊಟ್ಟ. ಫಲವೂ ದೊಡ್ಡದಾಯಿತು. ಆ ಅರಮನೆಯಲ್ಲಿ ವೇದ ಓದಿದವರಿದ್ದರು, ತರ್ಕ ಓದಿದವರಿದ್ದರು, ಕೆರೆಕಾಲುವೆ ಕಟ್ಟಿಸಿದವರೂ ಇದ್ದರು. ಮೇಲೆ ಹೊಯ್ದದ್ದು ಕೆಳಗೆ ಬರುತ್ತದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ.

"ಅಮ್ಮಾ, ಇವತ್ತು ಸ್ವಲ್ಪ ಬಿಡಲಾ?" ಎಂದು ಮಗು ಕೇಳಿತು.

"ಬಿಟ್ಟರೆ ನಿನ್ನನ್ನು ಕಳಿಸಿಬಿಡುತ್ತಾರೆ. ಕುಡಿ."

ಮಗು ಅಳುತ್ತಾ ಕುಡಿಯಿತು.

ಇಂಥ ಸಂಕಟದಲ್ಲಿ ದೇವಿ ಮುದುಕಿಯ ವೇಷದಲ್ಲಿ ಬರುವುದು ವಾಡಿಕೆ. ಇಲ್ಲಿ ಬಂದವಳು ವೇಷವಿಲ್ಲದ ಮುದುಕಿ, ಅರಸನ ಸೋದರತ್ತೆ ಮಲ್ಲಾಂಬೆ. ತಾಯಿಯಿಲ್ಲದ ಅವನನ್ನು ಸಾಕಿ, ಬೆಳೆಸಿ, ಪಟ್ಟಕ್ಕೆ ಕೂರಿಸಿ, ಕಾಶಿಗೆ ಹೋಗಿದ್ದವಳು ಪುಣ್ಯವನ್ನೂ ಮಂಡಿನೋವನ್ನೂ ಸಂಪಾದಿಸಿಕೊಂಡು ಹಿಂದಿರುಗಿದಳು. ಬಂದ ಸಂಜೆಯೇ ಪೂಜೆ ಅವಳ ಕಣ್ಣಿಗೆ ಬಿತ್ತು.

"ಇದೇನಮ್ಮಣ್ಣಿ, ಹೀಗೆ ಹೊಯ್ಯುತ್ತಿದ್ದೀಯ? ಇದು ಮಗುವೋ, ಬಾನಿಯೋ?"

"ವ್ರತ, ಅತ್ತೆಯವರೇ. ಹಾಸಿಗೆ ಒದ್ದೆಯಾಗದಿರಲಿ ಅಂತ."

ಮುದುಕಿ ಕಲಶದೊಳಗೆ ಬಗ್ಗಿ ನೋಡಿದಳು.

"ಯಾರು ಹೇಳಿದ್ದು?"

"ಪುರೋಹಿತರು."

"ಅವರನ್ನೂ ಕೂರಿಸಿ ಇಷ್ಟೇ ಕುಡಿಸು. ಕಾಲು ನೆಲಕ್ಕೆ ತಾಕಿಸಬೇಡ."

"ಬೈದೂ ನೋಡಿದ್ದೇನೆ, ಅತ್ತೆಯವರೇ. ಇವಳು ಕೇಳುವುದಿಲ್ಲ."

"ಅವಳು ಮಾಡುವುದು ನಿದ್ದೆಯಲ್ಲಿ, ನೀನು ಬೈಯುವುದು ಎಚ್ಚರವಿದ್ದಾಗ. ಕೇಳಬೇಕಾದವರು ಯಾರು?"

ಹೀಗೆಂದು ಅವಳು ಕಲಶವನ್ನು ತುಳಸಿಯ ಬುಡಕ್ಕೆ ಬಗ್ಗಿಸಿ, ರಾಣಿಯನ್ನು ಕೂರಿಸಿಕೊಂಡು, ಈ ವ್ರತದ ಸರಿಯಾದ ವಿಧಿಯನ್ನು ಹೇಳಿದಳು. ಹಗಲೆಲ್ಲ ಮಗು ಕೇಳಿದಷ್ಟು ನೀರು ಕೊಡತಕ್ಕದ್ದು, ಬಾಯಾರಿಸಿ ದಂಡಿಸಕೂಡದು. ದೀಪ ಹಚ್ಚಿದ ಮೇಲೆ ಗುಟುಕು ನೀರು ಸಾಕು. ಮಲಗುವ ಮುನ್ನ ಕೈಹಿಡಿದು ಬಚ್ಚಲಿಗೆ ಕರೆದೊಯ್ಯತಕ್ಕದ್ದು, ಅವಸರ ಮಾಡಕೂಡದು. ಬಚ್ಚಲಿನ ದಾರಿಯಲ್ಲಿ ಒಂದು ಹಣತೆ ಉರಿಯುತ್ತಿರಬೇಕು, ಏಕೆಂದರೆ ಕತ್ತಲೆಗೆ ಹೆದರುವ ಮಗು ಎಚ್ಚರವಾದರೂ ಏಳುವುದಿಲ್ಲ. ಬೆಳಗ್ಗೆ ಹಾಸಿಗೆ ಒದ್ದೆಯಾಗಿದ್ದರೆ ಮಗುವಿಗೆ ಒಣಬಟ್ಟೆ ತೊಡಿಸಿ, ಹಾಸಿಗೆಯನ್ನು ಹಿತ್ತಿಲಲ್ಲಿ ಹರವಿ, ಬಾಯಿ ಮುಚ್ಚಿಕೊಂಡಿರತಕ್ಕದ್ದು. ಉಪವಾಸದ ಅಗತ್ಯವಿಲ್ಲ. ಮೌನವೇ ಸಾಕಷ್ಟು ಕಷ್ಟ.

ರಾಣಿ ಶ್ರದ್ಧೆಯಿಂದ ಆರಂಭಿಸಿ, ಕೆಲವು ಬೆಳಗುಗಳು ಒಣಗಿದ್ದನ್ನು ಕಂಡು, ಗೆದ್ದೆನೆಂದು ಬೀಗಿ, ಮತ್ತೊಂದು ಬೆಳಗು ಒದ್ದೆ ಕಂಡಾಗ ತಡೆಯಲಾರದೆ, "ಮತ್ತೆ ಶುರು ಮಾಡಿದೆಯಾ?" ಎಂದುಬಿಟ್ಟಳು. ಮಗು ಮಂಚದ ಕೆಳಗೆ ಸೇರಿಕೊಂಡಿತು. ಆಮೇಲೆ ಬಹಳ ದಿನ ಒಣಗಿದ ಬೆಳಗು ಬರಲಿಲ್ಲ. ಆಗ ರಾಣಿಗೆ ತನ್ನ ನಾಲಿಗೆಯ ಮೇಲೆ ನಂಬಿಕೆ ಹೋಗಿ, ಬೆಳಗ್ಗೆ ಮಗುವಿನ ಕೋಣೆಗೆ ಕಾಲಿಡುವ ಮೊದಲು ಬಾಯಿಗೆ ಎರಡು ಲವಂಗ ಹಾಕಿಕೊಂಡು, ಅವು ಕರಗುವ ತನಕ ಮಾತಾಡದಿರುವ ನಿಯಮ ಮಾಡಿಕೊಂಡಳು. ಲವಂಗ ಕರಗುವುದಿಲ್ಲ. ನಿಯಮ ಒಳ್ಳೆಯದಿತ್ತು.

ಹೀಗೆ ಶ್ರಾವಣ ಕಳೆದು ಭಾದ್ರಪದ ಬಂತು. ಒಣಗಿದ ಬೆಳಗುಗಳು ಹೆಚ್ಚಾದವು, ಒದ್ದೆಯವು ಕಡಿಮೆಯಾದವು, ಪೂರ್ತಿ ನಿಲ್ಲಲಿಲ್ಲ. ಗೌರಿಹಬ್ಬದ ಬೆಳಗ್ಗೆ ಹಾಸಿಗೆ ಒದ್ದೆಯಾಗಿತ್ತು.

ಅರಸ ಬಾಗಿಲಿಗೆ ಪಲ್ಲಕ್ಕಿ ತರಿಸಿದ. ರಾಣಿ ವ್ರತವನ್ನು ಅರ್ಧಕ್ಕೆ ಬಿಡಬಾರದೆಂದು ದೀಪದ ಮುಂದೆ ಕೂತಿದ್ದಳು, ಕಣ್ಣೊರೆಸಿಕೊಳ್ಳುತ್ತಿದ್ದಳು. ಮಗು ತನ್ನ ಬೊಂಬೆಗಳನ್ನು ಗಂಟು ಕಟ್ಟಿಕೊಂಡು ಮುದುಕಿಯ ಪಕ್ಕದಲ್ಲಿ ನಿಂತಿತ್ತು.

"ಅಜ್ಜೀ, ತಾತನ ಮನೆಯಲ್ಲಿ ಬಚ್ಚಲಿಗೆ ದೀಪ ಇಡುತ್ತಾರಾ?"

"ನೀನು ಕೂತುಕೋ ಪುಟ್ಟಿ. ಪೂಜೆ ಮುಗಿದಿಲ್ಲ."

"ಅತ್ತೆ, ಪಲ್ಲಕ್ಕಿ ಕಾಯುತ್ತಿದೆ. ಅವರ ಕಡೆಯದು ಅವರ ಕಡೆಗೇ ಹೋಗಲಿ," ಎಂದ ಅರಸ.

"ಕಾಯಲಿ. ಅದಕ್ಕೇನು ಮಂಡಿನೋವೇ?" ಎಂದು ಮಲ್ಲಾಂಬೆ ಅಕ್ಷತೆ ಹಿಡಿದು ಎದ್ದು ನಿಂತು ಫಲ ಹೇಳಿದಳು. ನೀವೂ ಈಗ ಅಕ್ಷತೆ ಹಾಕಿರಿ. ಯಾರು ಈ ವ್ರತವನ್ನು ಮಾಡುವರೋ, ಯಾರು ಇದರ ಕಥೆಯನ್ನು ಹೇಳುವರೋ, ಯಾರು ಕೇಳುವರೋ, ಯಾರು ಕೇಳುತ್ತಾ ತೂಕಡಿಸುವರೋ, ಅವರೆಲ್ಲರ ಮಕ್ಕಳ ಹಾಸಿಗೆ ತನ್ನ ಕಾಲಕ್ಕೆ ತಾನು ಒಣಗಲಿ. ಒಣಗುವ ತನಕ ಹಿರಿಯರ ಬಾಯಿ ಮುಚ್ಚಿರಲಿ. ಆ ಕಾಲ ಯಾವಾಗ ಎಂದು ದಿನಾ ಕೇಳುವವರಿಗೆ ಇನ್ನೊಂದು ತಿಂಗಳು ತಡವಾಗಲಿ.

ಹೇಮಲೇಖೆ ತಾತನ ಮನೆಗೆ ಹೋಗಲಿಲ್ಲ. ಪಲ್ಲಕ್ಕಿ ಬಂದ ಹಾಗೆಯೇ ಖಾಲಿ ಹಿಂದಿರುಗಿತು. ಅಕ್ಷತೆ ಹಾಕಿ ಮುಗಿಸಿದ ಮೇಲೆ ಮಂತ್ರಿ, ಪುರೋಹಿತ, ದಾಸಿಯರೆಲ್ಲರ ಎದುರಿಗೆ ಮಲ್ಲಾಂಬೆ ತಾನು ಸಾಕಿದ ಅರಸನ ಕಡೆ ತಿರುಗಿ ನಡೆದದ್ದನ್ನು ನಡೆದ ಹಾಗೆ ಹೇಳಿದ್ದಳು. ಅವನ ಉಪನಯನದ ಬೆಳಗ್ಗೆಯೂ ಹಾಸಿಗೆ ಒದ್ದೆಯಾಗಿತ್ತು.