ಮಾತಿನ ಪೆಟ್ಟಿಗೆಯ ಖಾಲಿ ಗುಂಡಿ

ಮಾತು ಬಾರದ ಸಿಂಚನಾಳ ಗಾಲಿಕುರ್ಚಿಗೆ ಶಾಲೆಯವರು ಮಾತಾಡುವ ಪೆಟ್ಟಿಗೆಯೊಂದನ್ನು ಕಟ್ಟಿಕೊಟ್ಟರು. ಗುಂಡಿ ಒತ್ತಿದರೆ ಅದು "ನೀರು ಬೇಕು", "ಊಟ ಬೇಕು", "ನೋವಾಗ್ತಿದೆ" ಎನ್ನುತ್ತಿತ್ತು. ನಾಲ್ಕನೆಯ ಗುಂಡಿ ಖಾಲಿಯಿತ್ತು. ಹುಡುಗಿ ಮಾತ್ರ ಯಾವುದನ್ನೂ ಮುಟ್ಟಲಿಲ್ಲ.

ಪೆಟ್ಟಿಗೆಗೆ ಮುಖಭಂಗವಾಯಿತು. "ಅವಳಿಗೆ ಬೇಕಾದ ಮಾತೆಲ್ಲ ನನ್ನಲ್ಲಿದೆ. ಆದರೂ ನನ್ನ ಕಡೆ ತಿರುಗಿಯೂ ನೋಡುವುದಿಲ್ಲ, ಯಾಕೆ?" ಎಂದು ಅಂಗಳದ ಚೆಂಡನ್ನು ಕೇಳಿತು.

"ನಿನ್ನಲ್ಲಿರುವುದೆಲ್ಲ ಬೇಡುವ ಮಾತು. ಆಟಕ್ಕಾಗುವ ಮಾತು ಒಂದಾದರೂ ಇದೆಯೇನು?" ಎಂದಿತು ಚೆಂಡು.

ಅಷ್ಟರಲ್ಲಿ ಮಕ್ಕಳು ಬಂದು ಚೆಂಡನ್ನೆತ್ತಿ ಆಟಕ್ಕಿಳಿದರು. ಫ್ಲೇವಿಯಾ ಟೀಚರ್ ಬೀಸಿದ ಬ್ಯಾಟಿಗೆ ಚೆಂಡು ಸಿಗದೆ ಹಿಂದಿನ ವಿಕೆಟ್ ಉರುಳಿತು.

"ನಾನಿನ್ನೂ ರೆಡಿ ಇರಲಿಲ್ಲ. ಇದು ಲೆಕ್ಕಕ್ಕಿಲ್ಲ!" ಎಂದರು ಟೀಚರ್. ಟೀಚರಿಗೆ ಎದುರಾಡುವವರಾರು? ಆಗ ಅಂಗಳದಂಚಿನಲ್ಲಿ ಕೂತಿದ್ದ ಸಿಂಚನಾಳ ಬೆರಳು ಖಾಲಿ ಗುಂಡಿಯನ್ನು ಒತ್ತಿತು.

ಪೆಟ್ಟಿಗೆ ಯೋಚಿಸುತ್ತ ಕೂರಲಿಲ್ಲ. "ಔಟ್!" ಎಂದು ಕೂಗಿಯೇಬಿಟ್ಟಿತು.

ಮಕ್ಕಳು ಹೋ ಎಂದು ಕುಣಿದರು. ಟೀಚರ್ ನಗುತ್ತ ಬ್ಯಾಟು ಬಿಟ್ಟುಕೊಟ್ಟರು. ಉಳಿದ ಆಟಕ್ಕೆಲ್ಲ ಸಿಂಚನಾಳೇ ಅಂಪೈರು. ಸಂಜೆಯ ಹೊತ್ತಿಗೆ ನಕ್ಕು ನಕ್ಕು ಅವಳ ಗಂಟಲು ಒಣಗಿತು. ಆಗ ಮೊದಲ ಸಲ ನೀರಿನ ಗುಂಡಿ ಒತ್ತಿದಳು.